ಬೋರ್ ನೀರಿಗೆ ಸೋಪು ಯಾಕೆ ಜಾಸ್ತಿ ಬೇಕು? ವಿಜ್ಞಾನ ಪ್ರದರ್ಶನಕ್ಕೊಂದು ಪ್ರಯೋಗ

ಪ್ರಶ್ನೆ, ಮಾನ್ವಿಯ ಒಬ್ಬ ತಾಯಿ:
ನಮಸ್ಕಾರ ಮೇಡಂ. ಮಗ ಎಂಟನೇತ್ತ ಅದಾನ. ಸಾಲ್ಯಾಗ ವಿಜ್ಞಾನ ವಸ್ತು ಪ್ರದರ್ಶನ ಐತಿ. ಮನ್ಯಾಗಿನ ಸೋಪು, ಸೋಡಾ, ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯೋ ಆಸಿಡ್ ಎಲ್ಲಾ ಮುಂದ ಇಟ್ಕೊಂಡು ಕುಂತಾನ. ಬ್ಲೀಚಿಂಗ್‌ಗೆ ಆಸಿಡ್ ಹಾಕಿದ್ರ ಭಾರಿ ಬುರುಗು ಬರತೈತಂತ, ವಿಡಿಯೋದಾಗ ನೋಡ್ಯಾನ. ಮಾಡಾಕ ಬಿಡಬಹುದೇನ್ರಿ? ಇಲ್ಲಾಂದ್ರ ಬ್ಯಾರೆ ಏನರ ಹೇಳ್ರಿ.

ಉತ್ತರ, ರಾಯಚೂರಿನ ರಸಾಯನಶಾಸ್ತ್ರ ಉಪನ್ಯಾಸಕಿ:
ಬಿಡಬ್ಯಾಡ್ರಿ ಅಕ್ಕಾ. ಮೊದಲು ಅವೆರಡನ್ನೂ ಬೇರೆ ಬೇರೆ ಕಡೆ ಎತ್ತಿಡಿ. ಟಾಯ್ಲೆಟ್ ಆಸಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿಗೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಗಾಳಿಗಿಂತ ಭಾರ, ಹಾಗಾಗಿ ಬಚ್ಚಲಂಥ ಇಕ್ಕಟ್ಟಿನ ಜಾಗದಲ್ಲಿ ಕೆಳಗೇ ನಿಲ್ಲುತ್ತದೆ. ನಿಂಬೆರಸ, ವಿನೆಗರ್ ಕೂಡ ಬ್ಲೀಚಿಂಗ್ ಜೊತೆ ಸೇರಬಾರದು. ಅಕಸ್ಮಾತ್ ಯಾರಾದರೂ ಉಸಿರಿಗೆ ಎಳೆದುಕೊಂಡು ಕೆಮ್ಮು ಬಂದರೆ ತಕ್ಷಣ ಬಯಲಿಗೆ ಕರೆದುಕೊಂಡು ಬಂದು, ಅಲ್ಲಿಂದ ದವಾಖಾನೆಗೆ ಹೋಗಿ.

ಅವನ ಆಸೆ ಮಾತ್ರ ಬಾಡಬಾರದು. ಒಂದೇ ಒಂದು ಸೋಪಿನಲ್ಲಿ ಎಂಥ ಒಳ್ಳೆ ಪ್ರಯೋಗ ಇದೆ ಗೊತ್ತೇನ್ರಿ! ನಿಮ್ಮಲ್ಲಿ ಬೋರ್ ನೀರೂ ಇದೆ, ತುಂಗಭದ್ರಾ ಎಡದಂಡೆ ಕಾಲುವೆ ನೀರೂ ಇದೆ. ಯಾವ ನೀರಿಗೆ ಎಷ್ಟು ಸೋಪು ಬೇಕು? ಇದೇ ಅವನ ಪ್ರಶ್ನೆಯಾಗಲಿ.

ಮೈಗೆ ಹಚ್ಚುವ ಸೋಪನ್ನೇ ತಗೊಳ್ಳಿ, ಪೊಟ್ಟಣದ ಮೇಲೆ ಟಿಎಫ್‌ಎಂ, ಅಂದರೆ ಸೋಪಿನ ಒಟ್ಟು ಕೊಬ್ಬಿನಂಶ, 76% ಅಥವಾ ಮೇಲಿರಲಿ. ಬಟ್ಟೆ ಒಗೆಯುವ ಬಾರ್ ಬೇಡ, ಹೆಚ್ಚಿನವು ಡಿಟರ್ಜೆಂಟ್. ಅದರಲ್ಲಿ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಸೋಪು ತುರಿದು ಸುಮಾರು ಒಂದು ಗ್ರಾಂ ಅನ್ನು 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ ಉಗುರುಬೆಚ್ಚಗೆ ಮಾಡಿ ಕರಗಿಸಿ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಅಳತೆಯ ಸಣ್ಣ ಬಾಟಲಿಗಳಲ್ಲಿ 10 ಮಿ.ಲೀ. ಬೋರ್ ನೀರು, ಕಾಲುವೆ ನೀರು, ಡಿಸ್ಟಿಲ್ಡ್ ನೀರು ಹಾಕಲಿ. ಸೂಜಿ ತೆಗೆದ ಸಿರಿಂಜ್‌ನಿಂದ ಸೋಪಿನ ನೀರನ್ನು ಹನಿಹನಿಯಾಗಿ ಬಿಡುತ್ತಾ, ಪ್ರತಿ ಸಲ ಮುಚ್ಚಳ ಹಾಕಿ ಹತ್ತು ಸಲ ಅಲುಗಾಡಿಸಲಿ. ಬುರುಗು ಒಂದು ನಿಮಿಷ ಒಡೆಯದೆ ನಿಂತರೆ ಅಲ್ಲಿಗೆ ಹನಿ ಎಣಿಕೆ ನಿಲ್ಲಿಸಬೇಕು. ಪ್ರತಿ ನೀರಿಗೂ ಮೂರು ಸಲ ಮಾಡಿ ಸರಾಸರಿ ಬರೆಯಲಿ.

ಬೋರ್ ನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಬುರುಗಿನ ಬದಲು ನೀರು ಬೆಳ್ಳಗಾಗಿ, ಮಜ್ಜಿಗೆ ಒಡೆದಂತೆ ಸಣ್ಣ ಸಣ್ಣ ಚೂರು ತೇಲುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದು ಕರಗದ ಗಸಿ ಮಾಡಿಬಿಡುತ್ತವೆ. ಇವು ಜಾಸ್ತಿ ಇರುವ ನೀರನ್ನೇ ಗಡಸು ನೀರು ಎನ್ನುವುದು. ಅವೆರಡೂ ತೀರುವ ತನಕ ಹಾಕಿದ ಸೋಪೆಲ್ಲಾ ವ್ಯರ್ಥ. ಬಕೆಟಿನ ಅಂಚಿಗೆ ಅಂಟುವ ಬಿಳಿ ಪದರವೂ ಇದೇ.

ಇನ್ನೊಬ್ಬ ಸದಸ್ಯರು, ಕೊಪ್ಪಳ:
ಜ್ವಾಲಾಮುಖಿ ಮಾಡಿದ್ರ ಮಂದಿ ನಿಂತು ನೋಡ್ತಾರಲ್ರಿ ಮೇಡಂ? ಅಡುಗೆ ಸೋಡಾ, ವಿನೆಗರ್ ಸಾಕು.

ಉತ್ತರ:
ನೋಡ್ತಾರೆ ಸರ್, ಅದರಿಂದ ಅಪಾಯವೂ ಇಲ್ಲ. ಆದರೆ ಅಲ್ಲಿ ಹುಡುಗನಿಗೆ ಹುಡುಕಲು ಏನೂ ಉಳಿಯುವುದಿಲ್ಲ, ಉತ್ತರ ಮೊದಲೇ ಗೊತ್ತು. ಜನ ನಿಲ್ಲಬೇಕೆಂದರೆ ಅರಿಶಿಣದ ಕಾಗದ ಇಡಿ. ಅರಿಶಿಣ ಕಲಸಿದ ನೀರಿನಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ, ಮೇಲೆ ಸೋಪಿನ ನೀರು ತೊಟ್ಟಿಕ್ಕಿದರೆ ಕೆಂಪಾಗುತ್ತದೆ. ಮದುವೆ ಮನೆಯ ಅರಿಶಿಣದ ಬಟ್ಟೆಗೆ ಸೋಪು ಹಚ್ಚಿದಾಗ ಎಲ್ಲರೂ ಕಂಡಿದ್ದೇ. ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಸೋಪು ಕ್ಷಾರ ಎಂದು ಮಕ್ಕಳಿಗೆ ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ.

ಮಾನ್ವಿಯ ತಾಯಿ, ಮತ್ತೆ:
ಮಾಡಿದ್ವಿರಿ ಮೇಡಂ. ಬೋರ್ ನೀರಿಗೇ ಹನಿ ಜಾಸ್ತಿ ಹಿಡೀತು. ಕುದಿಸಿದ್ರ ಗಡಸು ಹೋಗತೈತಿ ಅಂತ ಪುಸ್ತಕದಾಗ ಐತಂತ, ಕುದಿಸಿ ಆರಿಸಿ ನೋಡಿದ. ಸ್ವಲ್ಪ ಇಳೀತು ಅಷ್ಟೇ. ತಪ್ಪಾತು ಅಂತ ಮಾರಿ ಸಣ್ಣ ಮಾಡ್ಯಾನ.

ಉತ್ತರ:
ತಪ್ಪಲ್ಲ ಅಂತ ಹೇಳಿ ಅವನಿಗೆ, ಅವನ ಪ್ರಯೋಗದ ಜೀವಾಳವೇ ಅದು! ಕುದಿಸಿದರೆ ಹೋಗುವುದು ಬೈಕಾರ್ಬೊನೇಟಿನಿಂದ ಬಂದ ಗಡಸುತನ ಮಾತ್ರ. ನೀರು ಕಾಯಿಸುವ ಕಾಯಿಲ್‌ಗೆ ಸುಣ್ಣದಂತೆ ಕಟ್ಟುವುದು ಅದೇ. ಸಲ್ಫೇಟ್, ಕ್ಲೋರೈಡ್‌ನದ್ದು ಕುದಿಸಿದರೂ ಉಳಿಯುತ್ತದೆ. ನಿಮ್ಮ ಬೋರ್‌ನಲ್ಲಿ ಎರಡನೆಯದ್ದೇ ಜಾಸ್ತಿ ಇದ್ದಂತಿದೆ. ಈಗ ಅದೇ ನೀರಿಗೆ ಒಂದು ಚಿಟಿಕೆ ಒಗೆಯುವ ಸೋಡಾ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ತೆಗೆದು ಮತ್ತೆ ಹನಿ ಎಣಿಸಲಿ, ಇಳಿದೇ ಇಳಿಯುತ್ತದೆ. ಸೋಡಾ ಕಣ್ಣಿಗೆ ತಾಗದಂತೆ ನೀವು ಪಕ್ಕದಲ್ಲೇ ಇರಿ.

ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರು ಸಿಗದಿದ್ದರೆ 600ರವರೆಗೆ. ಆ ಅಂಕಿಯನ್ನು ಚಾರ್ಟಿನಲ್ಲಿ ಬರೆಯಲಿ, ಆದರೆ ನಮ್ಮ ನೀರು ಇಷ್ಟೇ ಎಂದು ಹನಿ ನೋಡಿ ಬರೆಯಬಾರದು. ಅದಕ್ಕೆ ಲ್ಯಾಬ್ ಬೇಕು. ಕುದಿಸಿದ ನೀರಿನ ಎಣಿಕೆಯನ್ನು ಬಂದಂತೆಯೇ ಬರೆಯಲಿ, ಒಂದು ಹನಿಯನ್ನೂ ತಿದ್ದುವುದು ಬೇಡ.