ಸಹಾಯ ಬೇಕು: 1877ರ ಬೆಂಗಳೂರು ಬರದ ಚಿತ್ರ

ಎಲ್ಲರಿಗೂ ನಮಸ್ಕಾರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಧಾತು ಈಶ್ವರ ಬರದ (1876-78) ಬಗ್ಗೆ ನಮ್ಮೂರ ಲೈಬ್ರರಿಯಲ್ಲಿ ಸಣ್ಣದೊಂದು ಪ್ರದರ್ಶನ ಇಡುತ್ತಿದ್ದೇವೆ. 1877ರ ಅಕ್ಟೋಬರ್ 20ರ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಎಂಬ ಲಂಡನ್ನಿನ ಸಚಿತ್ರ ವಾರಪತ್ರಿಕೆಯಲ್ಲಿ, ಬೆಂಗಳೂರಿನಲ್ಲಿ ಬರ ಪರಿಹಾರಕ್ಕೆ ಕಾದು ಕುಳಿತ ಜನರ ಚಿತ್ರ ಬಂದಿತ್ತು. ಅದರ ಅಸಲಿ ಪುಟ, ಇಲ್ಲವೇ ಒಳ್ಳೆ ಸ್ಕ್ಯಾನ್ ಯಾರ ಹತ್ತಿರವಾದರೂ ಇದೆಯಾ?

ನೆಟ್‌ನಲ್ಲಿ ನನಗೆ ಸಿಕ್ಕಿದ್ದು ತೀರಾ ಚಿಕ್ಕದು. ದೊಡ್ಡದು ಮಾಡಿದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ಇಂಥ ಚಿತ್ರಗಳ ಜೀವ ಇರೋದೇ ಗೆರೆಯಲ್ಲಿ ಅಲ್ವಾ? ಆಗ ಗಟ್ಟಿ ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. ಎದ್ದು ಕಾಣುವ ಪಕ್ಕೆಲುಬು, ಗುಳಿಬಿದ್ದ ಕಣ್ಣು, ಕಡ್ಡಿಯಂತಾದ ಕಾಲು, ಎಲ್ಲವನ್ನೂ ಬರೀ ಗೆರೆಯಲ್ಲೇ ತೋರಿಸಬೇಕು.

ಹಳೇ ಪುಸ್ತಕದ ವ್ಯಾಪಾರಿಯೊಬ್ಬರು ಬಣ್ಣದ ಪ್ರತಿ ತೋರಿಸಿದರು. ಪತ್ರಿಕೆಯಲ್ಲಿ ಅಚ್ಚಾಗಿದ್ದು ಕಪ್ಪು ಬಿಳುಪಿನಲ್ಲಿ. ಬಣ್ಣ ಆಮೇಲೆ ಯಾರೋ ಬಳಿದದ್ದು. ಹಸಿವಿಗೂ ಬಣ್ಣ ಹಚ್ಚುವುದು ನನಗಂತೂ ಹಿಡಿಸಲಿಲ್ಲ, ಬೇಡ ಎಂದೆ.

ಅದೇ 1877ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ದ ಗ್ರಾಫಿಕ್' ಪತ್ರಿಕೆಯಲ್ಲಿ ಬಳ್ಳಾರಿ ಜಿಲ್ಲೆಯ ಚಿತ್ರವೂ ಬಂದಿತ್ತು. ಅಲ್ಲಿ ಜನರದ್ದಷ್ಟೇ ಅಲ್ಲ, ಪ್ರಾಣಿಗಳ ಪಾಡೂ ಇದೆ. ಅದು ಸಿಕ್ಕರಂತೂ ತುಂಬಾ ಉಪಕಾರ.

600 ಡಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಆದರೆ ಸಾಕು. ಖರ್ಚು ನಮ್ಮದೇ. ಇದ್ದವರು ದಯವಿಟ್ಟು ಮೆಸೇಜ್ ಮಾಡಿ.