ಬಿಸಿಯಾದ ಮೇಲೆ ಸೆಲ್ಫ್ ಎತ್ತದ ಅಂಬಾಸಿಡರ್ ಮಾರ್ಕ್ 3: ಸ್ಟಾರ್ಟರ್ ಬದಲಿಸಬೇಕೇ, ರಿಪೇರಿ ಸಾಕೇ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1978ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಇಂದಿಗೂ ನಮ್ಮ ಮನೆಯಲ್ಲಿದ್ದು, ವಾರಕ್ಕೊಮ್ಮೆಯಾದರೂ ರಸ್ತೆಗೆ ಇಳಿಯುತ್ತದೆ. ಎಂಜಿನ್ ಮೂಲದ್ದೇ, 1489 ಸಿಸಿ ಪೆಟ್ರೋಲ್. ಬೆಳಗಿನ ಹೊತ್ತು ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು) ಹೇಗೋ ಎತ್ತುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಕೀ ತಿರುಗಿಸಿದರೆ ಒಮ್ಮೆ ‘ಟಕ್’ ಎಂಬ ಸದ್ದಾಗಿ, ಎಂಜಿನ್ ಅರ್ಧ ಸುತ್ತು ಸುತ್ತಿ ನಿಂತುಬಿಡುತ್ತದೆ. ಆಗ ಮುಂಭಾಗದಿಂದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿದರೆ ಮೊದಲ ಏಟಿಗೇ ಹಿಡಿದುಕೊಳ್ಳುವುದರಿಂದ ಎಂಜಿನ್ನಿನಲ್ಲಿ ದೋಷವಿಲ್ಲವೆಂದು ಭಾವಿಸಿದ್ದೇನೆ. ಬ್ಯಾಟರಿ ಹೊಸದು, ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಸೊಲೆನಾಯ್ಡ್ ಸ್ವಿಚ್ ಕಳೆದ ತಿಂಗಳು ಬದಲಿಸಿದ್ದಾಗಿದೆ. ಮೂರು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದು ಬಿಟ್ಟರೆ ಬೇರೆ ಯಾವ ಕೆಲಸವನ್ನೂ ಮಾಡಿಸಿಲ್ಲ. ಊರಿನ ಗ್ಯಾರೇಜಿನವರು ಸ್ಟಾರ್ಟರನ್ನೇ ಎಸೆದು ಹೊಸದು ಹಾಕಿ ಎನ್ನುತ್ತಿದ್ದಾರೆ. ಅನುಭವಸ್ಥರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ (ಮೈಸೂರಿನಿಂದ)

ಸ್ಟಾರ್ಟರ್ ಬಿಚ್ಚುವ ಮೊದಲು ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ತಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬ್ಯಾಟರಿಯೂ ಅಲ್ಲ, ಸೊಲೆನಾಯ್ಡೂ ಅಲ್ಲ, ಕ್ಲಚ್ ಕೆಲಸ. ಕ್ಲಚ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ, ಅವುಗಳಿಗೂ ಬಾಡಿಗೂ ನಡುವೆ ಕರೆಂಟ್ ಹರಿಯಲು ಹೆಣೆದ ತಾಮ್ರದ ಅರ್ಥ್ ಪಟ್ಟಿಯೊಂದಿರುತ್ತದೆ. ಮತ್ತೆ ಜೋಡಿಸುವಾಗ ಇದನ್ನು ಮರೆಯುವವರು, ಇಲ್ಲವೇ ಬಣ್ಣದ ಮೇಲೆಯೇ ಬಿಗಿಯುವವರು ಕಡಿಮೆಯೇನಿಲ್ಲ. ಪಟ್ಟಿ ಇಲ್ಲದಿದ್ದರೆ ನೂರಾರು ಆಂಪಿಯರ್ ಕರೆಂಟ್ ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ನನ್ನ ಹಳೆಯ ಗಾಡಿಯಲ್ಲಿ ಹೀಗಾಗಿ ಚೋಕ್ ಗುಂಡಿಯನ್ನು ಮುಟ್ಟಲಾರದಷ್ಟು ಬಿಸಿಯಾಗಿತ್ತು. ನಾನು ಅದನ್ನು ಎರಡು ವಾರ ಎಂಜಿನ್ನಿನ ಶಾಖವೆಂದೇ ತಿಳಿದಿದ್ದೆ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಹಿಡಿಯದಂತೆ ಕಾಯಿಲ್‌ನ ಸಣ್ಣ ವೈರನ್ನು ಕಳಚಿರಿ. ಇನ್ನೊಬ್ಬರು ಕೀ ತಿರುಗಿಸುತ್ತಿರುವಾಗಲೇ ಅಳೆಯಬೇಕು, ಸುಮ್ಮನಿರುವಾಗ ಅಳೆದರೆ ಏನೂ ತಿಳಿಯುವುದಿಲ್ಲ. ಬ್ಯಾಟರಿಯ ಎರಡು ಕಂಬಗಳ ನಡುವೆ 10 ವೋಲ್ಟ್‌ಗಿಂತ ಕೆಳಗಿಳಿದರೆ ಹೊಸದಾದರೂ ಬ್ಯಾಟರಿಯನ್ನು ಅನುಮಾನಿಸಿ. ಇಳಿಯದಿದ್ದರೆ, ಅರ್ಥ್ ಕಡೆಯ ಕಂಬದಿಂದ ಸ್ಟಾರ್ಟರಿನ ಮೈಗೆ, ಆಮೇಲೆ ಇನ್ನೊಂದು ಕಂಬದಿಂದ ಸ್ಟಾರ್ಟರಿನ ಟರ್ಮಿನಲ್‌ಗೆ ಅಳೆಯಿರಿ. ಎರಡರಲ್ಲಿಯೂ ಅರ್ಧ ವೋಲ್ಟ್ ದಾಟಬಾರದು. ಯಾವ ಕಡೆ ದಾಟುತ್ತದೆಯೋ ದೋಷ ಆ ಕಡೆಯದು.

ಮೀಟರ್ ಸಿಗುವವರೆಗೆ ಹೆಡ್‌ಲೈಟ್ ಹಚ್ಚಿ ಕೀ ತಿರುಗಿಸಿ ನೋಡಬಹುದು. ಬೆಳಕು ಪೂರ್ತಿ ಮಂಕಾಗಿ ಎಂಜಿನ್ ಅಲುಗದಿದ್ದರೆ ಸ್ಟಾರ್ಟರಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ ಎಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡಿರುವ ಸಾಧ್ಯತೆಯೂ ಉಂಟು. ಸ್ಟಾರ್ಟರಿನ ತುದಿಯ ಚಿಕ್ಕ ಮುಚ್ಚಳ ತೆಗೆದರೆ ಶಾಫ್ಟಿನ ಚೌಕದ ತುದಿ ಕಾಣುತ್ತದೆ. ಅದನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ತಾವು ಹೇಳಿದ್ದು ಅಕ್ಷರಶಃ ನಿಜವಾಯಿತು. ಬ್ಯಾಟರಿ 10.6 ವೋಲ್ಟ್ ಕೊಡುತ್ತಿದ್ದಾಗ ಅರ್ಥ್ ಕಡೆಯೊಂದರಲ್ಲಿಯೇ 1.9 ವೋಲ್ಟ್ ಕಳೆದುಹೋಗುತ್ತಿತ್ತು. ಅರ್ಥ್ ಪಟ್ಟಿಯ ಒಂದು ತುದಿ ಕಪ್ಪು ಬಣ್ಣದ ಮೇಲೆ, ಸಡಿಲವಾದ ಬೋಲ್ಟಿನಲ್ಲಿ ನೇತಾಡುತ್ತಿತ್ತು. ಉಜ್ಜಿ ಬಿಗಿದ ಮೇಲೆ 0.2ಕ್ಕೆ ಬಂದಿದೆ, ಬೆಳಿಗ್ಗೆ ಎಂಜಿನ್ ಚುರುಕಾಗಿ ಸುತ್ತುತ್ತದೆ. ಆದರೆ ನಿನ್ನೆ ಸಕಲೇಶಪುರಕ್ಕೆ ಹೋಗಿ ನಿಲ್ಲಿಸಿದಾಗ ಮತ್ತೆ ಎಳೆದೆಳೆದು ಸುತ್ತಿತು. ನಿಂತುಬಿಡಲಿಲ್ಲ, ಅಷ್ಟೇ ಸಮಾಧಾನ.

ಉತ್ತರ (ಬೆಂಗಳೂರಿನಿಂದ)

ಹಾಗಾದರೆ ಈಗ ಸ್ಟಾರ್ಟರ್ ಬಿಚ್ಚುವ ಸಮಯ ಬಂದಿದೆ. ಸೈಲೆನ್ಸರಿನ ಶಾಖ ತಗಲುತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಎಂಜಿನ್ನಿನಲ್ಲಿ ಬಿಸಿ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಒಂದು ಪಕ್ಕದಲ್ಲಿದ್ದರೆ ಸ್ಟಾರ್ಟರ್ ಇನ್ನೊಂದು ಪಕ್ಕದಲ್ಲಿದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಹೆಚ್ಚು ಮುಂದಿದ್ದರೂ ಬಿಸಿಯಲ್ಲಿ ಹೀಗೆ ಎದುರೊದೆತ ಬರುವುದುಂಟು, ಅದನ್ನು ಮೊದಲು ನೋಡಿಕೊಳ್ಳಿ. ಅದು ಸರಿಯಿದ್ದರೆ ಸ್ಟಾರ್ಟರಿನ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿರಬೇಕು. ಬುಷ್ ಸವೆದಾಗ ಒಳಗೆ ತಿರುಗುವ ಆರ್ಮೇಚರ್ ಒಂದು ಬದಿಗೆ ವಾಲಿ ಸುತ್ತಲಿನ ಕಬ್ಬಿಣದ ಪೋಲ್ ಶೂಗಳಿಗೆ ಉಜ್ಜುತ್ತದೆ, ಜೊತೆಗೆ ಬಿಸಿಯಾದ ತಾಮ್ರದ ರೆಸಿಸ್ಟೆನ್ಸ್ 50 ಡಿಗ್ರಿಗೆ ಸುಮಾರು ಶೇ. 20ರಷ್ಟು ಏರುವುದರಿಂದ, ತಣ್ಣಗಿರುವಾಗ ಹೇಗೋ ನಡೆದದ್ದು ಬಿಸಿಯಲ್ಲಿ ನಡೆಯುವುದಿಲ್ಲ.

ಬ್ಯಾಟರಿಯ ಅರ್ಥ್ ಕಳಚಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಬೋಲ್ಟ್‌ಗಳು ಎರಡೇ, ಆದರೆ ಮೇಲಿನದಕ್ಕೆ ಕೈ ಹೋಗುವುದೇ ಕಷ್ಟ. ಡಿಸ್ಟ್ರಿಬ್ಯೂಟರ್ ತೆಗೆಯಬೇಕಾಗಿ ಬಂದರೆ ರೋಟರ್ ಯಾವ ದಿಕ್ಕಿಗಿದೆಯೆಂದು ಗುರುತು ಹಾಕಿಕೊಳ್ಳಿ. ಆರ್ಮೇಚರಿಗೆ ಕರೆಂಟ್ ಒಯ್ಯುವ ಬ್ರಷ್ ಸುಮಾರು 8 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ನಾಲ್ಕನ್ನೂ ಬದಲಿಸಿ. ಬ್ರಷ್ ಒತ್ತಿಕೊಳ್ಳುವ ತಾಮ್ರದ ಪಟ್ಟಿಗಳ ಭಾಗವಾದ ಕಮ್ಯುಟೇಟರನ್ನು ನಯವಾದ ಮರಳು ಕಾಗದದಿಂದ ಉಜ್ಜಬಹುದು, ಎಮರಿ ಕಾಗದ ಬೇಡ. ಡೈನಮೋದಲ್ಲಿ ಮಾಡುವಂತೆ ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಕೆರೆದು ತಗ್ಗಿಸುವುದು ಸ್ಟಾರ್ಟರಿಗೆ ಸಲ್ಲದು. ಅನೇಕ ಎಲೆಕ್ಟ್ರಿಶಿಯನ್ನರು ಅಭ್ಯಾಸಬಲದಿಂದ ಅದನ್ನೇ ಮಾಡುತ್ತಾರೆ. ಹೊಸ ಕಂಚಿನ ಬುಷ್‌ಗಳನ್ನು ಹಾಕುವ ಮೊದಲು 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಬೇಕು, ಏಕೆಂದರೆ ಅವು ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹೀರಿಕೊಂಡು ಆಮೇಲೆ ತಾವೇ ಒಸರುವ ಜಾತಿಯವು. ಪಿನಿಯನ್ನನ್ನು ಮುಂದೆ ತಳ್ಳುವ ಬೆಂಡಿಕ್ಸ್‌ಗೆ ಮಾತ್ರ ಎಣ್ಣೆಯಾಗಲಿ ಗ್ರೀಸಾಗಲಿ ಬೇಡ. ಕ್ಲಚ್ಚಿನ ಧೂಳು ಅದಕ್ಕೆ ಅಂಟಿ ಪಿನಿಯನ್ ಮುಂದೆ ಹೋಗದಂತಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು.

ಈಗಿನ ಗೇರ್ ರಿಡಕ್ಷನ್ ಸ್ಟಾರ್ಟರುಗಳು ಹಗುರ, ಕಡಿಮೆ ಕರೆಂಟ್ ಎಳೆಯುತ್ತವೆ, ನಿಜ. ಆದರೆ ಪಿನಿಯನ್ ಯಾವ ಕಡೆಯಿಂದ ನುಗ್ಗುತ್ತದೆಯೋ ಆ ಕಡೆಯೇ ಫ್ಲೈವೀಲಿನ ಸುತ್ತಲಿನ ರಿಂಗ್ ಗೇರಿನ ಹಲ್ಲುಗಳ ಅಂಚು ಇಳಿಜಾರಾಗಿರಬೇಕು. ಅದನ್ನು ನೋಡದೆ ಹಾಕಿದರೆ ಕೆಲವೇ ತಿಂಗಳಲ್ಲಿ ಹಲ್ಲುಗಳು ತಿನ್ನಿಸಿಕೊಂಡಿರುತ್ತವೆ. ತಮ್ಮ ಹಳೆಯ ಸ್ಟಾರ್ಟರಿನ ಸುರುಳಿಗಳು ಸುಟ್ಟಿಲ್ಲದಿದ್ದರೆ ಅದನ್ನು ಎಸೆಯುವುದು ಅನ್ಯಾಯ. ಬುಷ್, ಬ್ರಷ್ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯದನ್ನು ಕೈಯಲ್ಲಿ ಹಿಡಿದು ಕೇಳಿ, ಬಾಯಿಮಾತಿನ ಅಳತೆಯಲ್ಲಿ ತರಬೇಡಿ.

ಪ್ರಶ್ನೆ ಕೇಳಿದವರು

ಟೈಮಿಂಗ್ ಸರಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಆರ್ಮೇಚರಿನ ಮೈ ಪೋಲ್ ಶೂಗಳಿಗೆ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಪಿನಿಯನ್ ಕಡೆಯ ಬುಷ್ ಅಂಡಾಕಾರವಾಗಿತ್ತು, ಎರಡು ಬ್ರಷ್‌ಗಳು 6 ಮಿ.ಮೀ.ಗೆ ಇಳಿದಿದ್ದವು. ಎಲ್ಲವನ್ನೂ ತಾವು ಹೇಳಿದ ಕ್ರಮದಲ್ಲಿಯೇ ಮಾಡಿಸಿದೆ. ಬಿಸಿಯಲ್ಲಿ ನಾಲ್ಕು ಬಾರಿ ನಿಲ್ಲಿಸಿ ಪರೀಕ್ಷಿಸಿದ್ದೇನೆ, ಬೆಳಗಿನಂತೆಯೇ ಸುತ್ತುತ್ತಿದೆ. ಸ್ಟಾರ್ಟರ್ ಇಳಿಸಿದ್ದಾಗ ಟಾರ್ಚ್ ಹಾಕಿ, ಹ್ಯಾಂಡಲ್‌ನಿಂದ ಫ್ಲೈವೀಲ್ ತಿರುಗಿಸುತ್ತ ನೋಡಿದೆ: ರಿಂಗ್ ಗೇರಿನ ಹಲ್ಲುಗಳು ಎದುರುಬದುರಾಗಿ ಎರಡೇ ಕಡೆ ಸವೆದಿವೆ. ಇದಕ್ಕೇನು ಮಾಡಬೇಕು?

ಉತ್ತರ (ಮೈಸೂರಿನಿಂದ)

ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಕಂಪ್ರೆಷನ್ನಿಗೆ ತಡೆದು ಹೆಚ್ಚಾಗಿ ಆ ಎರಡು ಜಾಗಗಳಲ್ಲಿಯೇ ನಿಲ್ಲುವುದರಿಂದ, ಪಿನಿಯನ್ ಪ್ರತಿ ಸಲವೂ ಅದೇ ಹಲ್ಲುಗಳಿಗೆ ಬಡಿಯುತ್ತದೆ. ರಿಂಗನ್ನು ಕಾಯಿಸಿ ತೆಗೆದು, 90 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿದರೆ ಸವೆಯದ ಹಲ್ಲುಗಳು ಆ ಜಾಗಕ್ಕೆ ಬರುತ್ತವೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ತಾವು ಮೂರು ತಿಂಗಳ ಹಿಂದೆಯಷ್ಟೇ ಇಳಿಸಿದ್ದೀರಿ. ಮುಂದಿನ ಕ್ಲಚ್ ಪ್ಲೇಟಿನವರೆಗೆ ಕಾಯಬಹುದು. ಅಲ್ಲಿಯವರೆಗೆ ಎಂದಾದರೂ ಪಿನಿಯನ್ ಜಾರಿ ಕರಕರ ಎಂದರೆ, ಇಗ್ನಿಷನ್ ಆಫ್ ಮಾಡಿ ಹ್ಯಾಂಡಲ್‌ನಿಂದ ಎಂಜಿನ್ನನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಕೀ ಹಾಕಿ.