ಪದಚರ್ಚೆ: ಗೋಡೆಯ ಸ್ಮಾರ್ಟ್ ಪರದೆಯಲ್ಲಿ ‘೧೦:೩೦ ಮಧ್ಯಾಹ್ನ’

ಪ್ರಶ್ನೆ: ಗೋಡೆಯ ಪರದೆಯಲ್ಲಿ ಸಮಯ, ದಿನಾಂಕ ಮುಂತಾದವನ್ನು ತೋರಿಸುವ ಮ್ಯಾಜಿಕ್‌ಮಿರರ್ ತಂತ್ರಾಂಶದ ಗಡಿಯಾರಕ್ಕೆ ಕನ್ನಡ ಭಾಷೆ, 12 ಗಂಟೆಯ ಕ್ರಮ ಎರಡನ್ನೂ ಕೊಟ್ಟು ಎಎಂ-ಪಿಎಂ ತೋರಿಸುವ ಆಯ್ಕೆ ಹಾಕಿದರೆ, ಬೆಳಿಗ್ಗೆ ಹತ್ತೂವರೆಗೆ ‘೧೦:೩೦ ಮಧ್ಯಾಹ್ನ’ ಎಂದು ಬರುತ್ತದೆ. ಇದು ಅನುವಾದದ ತಪ್ಪೇ? ಎಎಂ-ಪಿಎಂಗೆ ಸರಿಯಾದ ಕನ್ನಡ ಪದ ಯಾವುದು? ಪರದೆಯ ಜೋಡಣೆಯಲ್ಲಿ ಬರುವ ‘ಪ್ಯಾಡಿಂಗ್’, ‘ಮಾರ್ಜಿನ್’, ‘ವಿಜೆಟ್’ ಇವನ್ನು ಏನೆನ್ನಬಹುದು?

ಉತ್ತರ: ಪದಗಳು ಸರಿಯಾಗೇ ಇವೆ, ಎಡವಟ್ಟಾಗಿರುವುದು ಗಡಿಗಳಲ್ಲಿ. ಈ ಗಡಿಯಾರ ಸಮಯ ಬರೆಯಲು ಮೊಮೆಂಟ್ ಎಂಬ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಸಂಗ್ರಹ) ಬಳಸುತ್ತದೆ. ಅದರ ಕನ್ನಡ ಕಡತದಲ್ಲಿ, 24 ಗಂಟೆಯ ಲೆಕ್ಕದಂತೆ, 4ರವರೆಗೆ ರಾತ್ರಿ, 10ರವರೆಗೆ ಬೆಳಿಗ್ಗೆ, 17ರವರೆಗೆ ಮಧ್ಯಾಹ್ನ, 20ರವರೆಗೆ ಸಂಜೆ, ಆಮೇಲೆ ಮತ್ತೆ ರಾತ್ರಿ. ಹಿಂದಿ ಕಡತದಲ್ಲೂ ಇವೇ ಅಂಕಿಗಳು. ನಮ್ಮಲ್ಲಿ ಹನ್ನೊಂದು ಮುಕ್ಕಾಲಾದರೂ ಬೆಳಿಗ್ಗೆಯೇ, ನಾಲ್ಕೂವರೆ ಆದರೆ ಸಂಜೆ. ಹಾಗಾಗಿ 10ನ್ನು 12 ಮಾಡಿ, 17ನ್ನು 16 ಮಾಡಿ. ಆದರೆ ಮ್ಯಾಜಿಕ್‌ಮಿರರ್ ಓದುವುದು ಎಲ್ಲ ಭಾಷೆಗಳನ್ನೂ ಒಟ್ಟುಗೂಡಿಸಿದ moment-with-locales.js ಕಡತವನ್ನು, ತಿದ್ದಬೇಕಾದದ್ದು ಅದರ ಕನ್ನಡ ಭಾಗವನ್ನು. ಲೈಬ್ರರಿಗಳನ್ನು ಇಳಿಸಿಕೊಡುವ ಎನ್‌ಪಿಎಂ ಎಂಬ ಸಾಧನದಿಂದ ಲೈಬ್ರರಿಯನ್ನು ಮತ್ತೆ ಹಾಕಿದಾಗ ಈ ತಿದ್ದುಪಡಿ ಅಳಿಸಿಹೋಗುತ್ತದೆ, ಒಂದು ಪ್ರತಿ ಎತ್ತಿಟ್ಟುಕೊಂಡಿರಿ. ಎಎಂ-ಪಿಎಂ ದೊಡ್ಡಕ್ಷರದಲ್ಲಿ ಬರಲಿ ಎನ್ನುವ ಆಯ್ಕೆಯಿಂದ ಕನ್ನಡದಲ್ಲಿ ಏನೂ ಬದಲಾಗದು, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ.

ಆಂಡ್ರಾಯ್ಡ್ ಮುಂತಾದವು ಬಳಸುವ ಯೂನಿಕೋಡ್ ಭಾಷಾ ದತ್ತಾಂಶದಲ್ಲಿ ಎಎಂ ಎಂದರೆ ‘ಪೂರ್ವಾಹ್ನ’, ಪಿಎಂ ಎಂದರೆ ‘ಅಪರಾಹ್ನ’. ದಕ್ಷಿಣ ಕನ್ನಡದ ಮದುವೆ ಕಾಗದಗಳಲ್ಲಿ ಇವು ಇಂದಿಗೂ ಜೀವಂತ: ‘ಪೂರ್ವಾಹ್ನ ಗಂಟೆ 10.30ಕ್ಕೆ’. ಆದರೆ ಅಹ್ನ ಎಂದರೆ ಹಗಲು. ‘ಅಪರಾಹ್ನ 11:30’ ಎಂದು ನಡುರಾತ್ರಿಯ ಹೊತ್ತಿಗೆ ತೋರಿಸಿದರೆ ಪದದ ಅರ್ಥಕ್ಕೂ ಹೊರಗಿನ ಕತ್ತಲಿಗೂ ತಾಳೆಯಾಗದು. ಎಎಂ-ಪಿಎಂ ದಿನವನ್ನು ಎರಡಾಗಿ ಕತ್ತರಿಸುತ್ತವೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಾಲ್ಕಾಗಿ. ಒಂದಕ್ಕೊಂದು ಪದ ಹುಡುಕುವುದೇ ದಾರಿ ತಪ್ಪಿದ ಕೆಲಸ. ಗೋಡೆಯ ಪರದೆಗೆ ನನ್ನ ಮತ ನಾಲ್ಕರ ಪಟ್ಟಿಗೆ, ಇಲ್ಲವೇ 24 ಗಂಟೆಯ ಕ್ರಮ ಇಟ್ಟು ಪದವನ್ನೇ ಬಿಟ್ಟುಬಿಡಿ.

ಪದ ಬದಲಾದಾಗ ಜೋಡಣೆಯೂ ಅಲುಗಾಡುತ್ತದೆ. ‘ಸಂಜೆ’ಗಿಂತ ‘ಮಧ್ಯಾಹ್ನ’ ಅಗಲ. ಬಲಕ್ಕೆ ಒತ್ತಿಟ್ಟ ಗಡಿಯಾರದಲ್ಲಿ ಪದ ಬದಲಾದ ಕ್ಷಣ ಅಂಕಿಗಳೂ ಪಕ್ಕಕ್ಕೆ ಜರುಗುತ್ತವೆ, ಆದ್ದರಿಂದ ಪದದ ಚೌಕಕ್ಕೆ ‘ಮಧ್ಯಾಹ್ನ’ ಹಿಡಿಯುವಷ್ಟು ಕನಿಷ್ಠ ಅಗಲ ಕಾದಿಡಬೇಕು. ಇನ್ನು ಎತ್ತರ. ಸಾಲಿನ ಎತ್ತರ ಅಕ್ಷರದ ಗಾತ್ರದಷ್ಟೇ ಇದ್ದರೆ ‘ಹ್ನ’ದ ಒತ್ತು ಕೆಳಗಿನ ದಿನಾಂಕಕ್ಕೆ ತಾಗುತ್ತದೆ. ಚೌಕದಾಚೆಯದನ್ನು ಮರೆಮಾಡುವ ಆಯ್ಕೆಯೂ ಇದ್ದರೆ ಒತ್ತು ತುಂಡಾಗಿ ‘ಮಧ್ಯಾಹ’ದಂತೆ ಕಾಣುತ್ತದೆ. ಗಾತ್ರದ 1.4 ಪಟ್ಟು ಎತ್ತರ ಕೊಟ್ಟು ನೋಡಿ, ಸಾಲದಿದ್ದರೆ ಏರಿಸಿ. ಪರದೆಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನಲ್ಲಿ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬಂದರೆ ಕನ್ನಡ ಫಾಂಟ್ ಇಲ್ಲವೆಂದರ್ಥ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ತಂತ್ರಾಂಶ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಎರಡೂ ಸಿಗುತ್ತವೆ.

ಚೌಕದ ಗೆರೆಯಿಂದ ಒಳಗೆ ಬಿಡುವ ಪ್ಯಾಡಿಂಗ್‌ಗೆ ‘ಒಳಜಾಗ’, ಗೆರೆಯಾಚೆ ಬಿಡುವ ಮಾರ್ಜಿನ್‌ಗೆ ‘ಹೊರಜಾಗ’ ಎನ್ನಬಹುದು. ‘ಅಂಚು’ ಬೇಡ, ಅದು ಚೌಕದ ಗೆರೆಗೇ ಇರಲಿ. ಗಡಿಯಾರದಂಥ ಪರದೆಯ ಪುಟ್ಟ ಘಟಕ, ವಿಜೆಟ್, ವಿಜೆಟ್ಟಾಗಿಯೇ ಇರಲಿ.